ಬಿಳಿ ಗೆರೆಯ ಈಚೆ

2004ರ ಆಗಸ್ಟ್ ತಿಂಗಳಲ್ಲಿ ಅಥೆನ್ಸಿನ ಒಲಿಂಪಿಕ್ ಪಂದ್ಯಗಳು ಮುಗಿದಾಗ, ನಮ್ಮ ಮುನವಳ್ಳಿಯ ಚಹಾದಂಗಡಿಯ ಮುಂದೆ ಕುಳಿತವರೆಲ್ಲ ಸೇರಿ ಒಂದು ತೀರ್ಪು ಕೊಟ್ಟರು. ನೂರು ಕೋಟಿ ಜನರ ದೇಶಕ್ಕೆ ಬಂದದ್ದು ರಾಜ್ಯವರ್ಧನ ಸಿಂಗ್ ರಾಠೋಡರು ಗುರಿ ಹೊಡೆದು ಗೆದ್ದ ಒಂದೇ ಒಂದು ಬೆಳ್ಳಿಯ ಪದಕ. ಮಿಕ್ಕವರೆಲ್ಲ ಸರಕಾರದ ಖರ್ಚಿನಲ್ಲಿ ಊರು ನೋಡಿ ಬಂದವರು! ಮಲಪ್ರಭೆಯ ದಂಡೆಯಲ್ಲಿ ಕುಳಿತು ಅಥೆನ್ಸಿಗೆ ತೀರ್ಪು ಹೇಳುವುದು ಸುಲಭ. ಬೇರೆ ದಿನಗಳಲ್ಲಿ ನಾನೂ ಅದೇ ಪೀಠದ ನ್ಯಾಯಾಧೀಶನೇ. ಆದರೆ ಅಂದು ನನಗೆ ಮಾತು ಹೊರಡಲಿಲ್ಲ. ಪದಕದ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಹನ್ನೊಂದನೆಯ ಸ್ಥಾನವೊಂದು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಒಂದು ಕಾಲದಲ್ಲಿ ನಾನು ತಂಡದ ಮೇನೇಜರನಾಗಿದ್ದೆನೆಂಬುದೇ ಅದಕ್ಕೆ ಕಾರಣ.

ಮೇನೇಜರನೆಂದರೆ ದೊಡ್ಡ ಹುದ್ದೆಯೆಂದು ಓದುಗರು ಭಾವಿಸಬೇಕಾಗಿಲ್ಲ. ಶಾಲೆಯ ಡ್ರಿಲ್ ಮಾಸ್ತರನಾಗಿದ್ದ ನಾನು ವರ್ಷಕ್ಕೊಮ್ಮೆ ಹುಡುಗ ಹುಡುಗಿಯರನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ತಾಲೂಕಿಗೋ ಜಿಲ್ಲೆಗೋ ಹೋಗುತ್ತಿದ್ದೆ. ನನ್ನ ಅಧಿಕಾರದ ಕುರುಹು ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಟಿಂಕ್ಚರ್, ಹತ್ತಿ, ಬ್ಯಾಂಡೇಜು, ಎದೆಗೆ ಸಂಖ್ಯೆ ಅಂಟಿಸಲು ಪಿನ್ನು, ಗ್ಲೂಕೋಸಿನ ಪೊಟ್ಟಣ, ನಾಲ್ಕಾರು ನಿಂಬೆಹಣ್ಣು, ಮಕ್ಕಳ ಜನ್ಮದಿನಾಂಕದ ಕಾಗದಗಳು. ಯಾರು ಉಂಡರು, ಯಾರಿಗೆ ಹೊಟ್ಟೆ ನೋವು, ಯಾರ ಓಟಕ್ಕೆ ಎಷ್ಟು ಹೊತ್ತಿಗೆ ಕರೆ ಬರುತ್ತದೆ ಎಂಬುದೇ ಅವನ ಶಾಸ್ತ್ರ. ಎಲ್ಲವೂ ಸರಿಹೋದರೆ ಅವನನ್ನು ಯಾರೂ ನೆನೆಯುವುದಿಲ್ಲ. ಒಂದು ತಪ್ಪಿದರೆ ಮಾತ್ರ ಅವನ ಹೆಸರು ಉಳಿಯುತ್ತದೆ.

1972ರ ಮ್ಯೂನಿಕ್ ಒಲಿಂಪಿಕ್ಕಿನಲ್ಲಿ ಆದದ್ದು ಇದೇ. ನೂರು ಮೀಟರ್ ಓಟದಲ್ಲಿ ಪದಕ ಗೆಲ್ಲುವರೆಂದು ನಂಬಿದ್ದ ಎಡ್ಡಿ ಹಾರ್ಟ್ ಮತ್ತು ರೇ ರಾಬಿನ್ಸನ್ ಎಂಬ ಇಬ್ಬರು ಅಮೆರಿಕದ ಓಟಗಾರರು ಎರಡನೆಯ ಸುತ್ತಿಗೆ ಹೊತ್ತಿಗೆ ಸರಿಯಾಗಿ ಬರಲೇ ಇಲ್ಲ. ಅವರ ತರಬೇತುದಾರ ಸ್ಟಾನ್ ರೈಟರ ಕೈಯಲ್ಲಿದ್ದದ್ದು ಹಳೆಯ ವೇಳಾಪಟ್ಟಿ. ವರ್ಷಗಟ್ಟಲೆ ಬೆವರು ಸುರಿಸಿದ ಕಾಲುಗಳನ್ನು ಒಂದು ಕಾಗದ ನಿಲ್ಲಿಸಿಬಿಟ್ಟಿತು! ತಪ್ಪು ತನ್ನದೆಂದು ರೈಟರು ಬಹಿರಂಗವಾಗಿ ಒಪ್ಪಿಕೊಂಡರೆಂಬುದನ್ನೂ ಇಲ್ಲಿ ಹೇಳಬೇಕು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ನಮ್ಮ ಪಿ. ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚಿನ ಪದಕ ಕಳೆದುಕೊಂಡರು. ಅಲ್ಲಿ ತನಗೆ ಒಗ್ಗುವ ಊಟ ದೊರೆಯದೆ ಗಂಜಿ ಉಪ್ಪಿನಕಾಯಿಯಿಂದಲೇ ದಿನ ಕಳೆದೆನೆಂದು ಅವರು ಬಹಳ ವರ್ಷಗಳ ಮೇಲೆ ಹೇಳಿದಾಗ, ನಾನು ಎದ್ದು ಹೋಗಿ ನನ್ನ ತಗಡಿನ ಪೆಟ್ಟಿಗೆಯನ್ನು ನೋಡಿ ಬಂದೆ.

ನಮ್ಮ ಜಿಲ್ಲೆಗೂ ಒಲಿಂಪಿಕ್ಕಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪಿಗೆ ಹೋದ ಹಿಂದೂಸ್ಥಾನದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಪುಣೆಯ ಡೆಕ್ಕನ್ ಜಿಮಖಾನಾದ ಕೂಟದಲ್ಲಿ ಬರಿಗಾಲಿನಿಂದ ಓಡುತ್ತಿದ್ದ ರೈತರ ಮಕ್ಕಳನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ ಅವರು, ಸ್ವಂತ ಹಣವನ್ನೂ ಹಾಕಿ ಆ ತಂಡವನ್ನು ಕಳುಹಿಸಿದರು. ನೂರು ಗಜದ ಓಟಕ್ಕೆ ಎಷ್ಟು ಹೊತ್ತು ಹಿಡಿಯಬೇಕೆಂದು ವಿಚಾರಿಸಿದಾಗ ಒಂದೆರಡು ನಿಮಿಷ ಸಾಕೇನೋ ಎಂದು ಅಲ್ಲಿನ ಗಣ್ಯರು ಹೇಳಿದರೆಂದೂ, ಅಲ್ಲಿ ಲೆಕ್ಕ ನಿಮಿಷದ್ದಲ್ಲ, ಸೆಕೆಂಡಿನ ಹತ್ತನೆಯ ಪಾಲಿನದೆಂದು ತಿಳಿದು ಸುಸ್ತಾದರೆಂದೂ ಒಂದು ಕಥೆಯುಂಟು. ಅಂಥ ಮುಗ್ಧ ಕಾಲದಲ್ಲಿ ಚೌಗುಲೆ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ತಂಡದ ಮೇನೇಜರು ಸೊಹ್ರಾಬ್ ಭೂತ್ ಎಂಬವರು. ಚೌಗುಲೆಯವರ ಹೆಸರನ್ನು ಬೆಳಗಾವಿಯವರು ಬಲ್ಲರು; ಭೂತರ ಹೆಸರನ್ನು ನನ್ನಂಥ ವೃತ್ತಿಬಾಂಧವನಲ್ಲದೆ ಬೇರಾರು ಹುಡುಕಿ ಓದಿಯಾರು?

ಅದಿರಲಿ. ಹನ್ನೊಂದನೆಯ ಸ್ಥಾನದ ಮಾತಿಗೆ ಬರುತ್ತೇನೆ.

ಧಾರವಾಡ ಜಿಲ್ಲೆಯ ಪಶುಪತಿಹಾಳದ ಹೆಣ್ಣುಮಗಳು ಜೆ. ಜೆ. ಶೋಭಾ ಅಥೆನ್ಸಿನಲ್ಲಿ ಹೆಪ್ಟಾಥ್ಲಾನಿಗೆ ಇಳಿದಿದ್ದಳು. ಎರಡು ದಿನಗಳಲ್ಲಿ ಏಳು ಬಗೆಯ ಪಂದ್ಯ: ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್ ಓಟ, ಉದ್ದ ಜಿಗಿತ, ಭರ್ಜಿ ಎಸೆತ, ಕಡೆಗೆ 800 ಮೀಟರ್ ಓಟ. ಆರನೆಯದಾದ ಭರ್ಜಿ ಎಸೆತದಲ್ಲಿ ಅವಳ ಕಾಲಿನ ಗಿಣ್ಣು ಉಳುಕಿತು. ಅವಳನ್ನು ಸ್ಟ್ರೆಚರಿನ ಮೇಲೆ ಹೊತ್ತುಕೊಂಡು ಹೋದರು. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿಯುವಂಥ ಹೊತ್ತು. ಆದರೆ ಎಡಗಾಲಿಗೆ ದಪ್ಪನೆಯ ಪಟ್ಟಿ ಸುತ್ತಿಕೊಂಡು ಅವಳು ಕಡೆಯ ಓಟಕ್ಕೆ ಬಂದು ನಿಂತಳು. ನಿಂತಳಷ್ಟೇ ಅಲ್ಲ, ತನ್ನ ಗುಂಪಿನಲ್ಲಿ ಮೂರನೆಯವಳಾಗಿ ಓಡಿ ಮುಗಿಸಿದಳು. ಒಟ್ಟು 6172 ಅಂಕ, ಹನ್ನೊಂದನೆಯ ಸ್ಥಾನ. ಟೆಲಿವಿಷನ್ನಿನ ಮುಂದೆ ಕುಳಿತ ನನ್ನ ಮನೆಯವಳು ಕಣ್ಣೊರೆಸಿಕೊಂಡಳು. ನಾನು ಮಾತ್ರ ಓಟ ಮುಗಿದ ಮೇಲೂ ಆ ಪಟ್ಟಿ ಸುತ್ತಿದ ಕಾಲನ್ನೇ ಕಾಣುತ್ತಿದ್ದೆ.

1978ರಲ್ಲಿ ಬೆಳಗಾವಿಯ ಜಿಲ್ಲಾ ಕೂಟಕ್ಕೆ ನಾನು ಕರೆದೊಯ್ದ ತಂಡದಲ್ಲಿ ಹದಿನೈದು ವರ್ಷದ ಒಬ್ಬ ಹುಡುಗಿ ಇದ್ದಳು. ಹೊಲದ ಎರೆಮಣ್ಣಿನಲ್ಲಿ ಓಡಿ ಬೆಳೆದವಳು. ಅವಳ ತಂದೆ ನಮ್ಮ ಬಸ್ಸು ಹೊರಡುವ ಮುನ್ನ ರೊಟ್ಟಿಯ ಗಂಟು ನನ್ನ ಕೈಗೆ ಕೊಟ್ಟು, “ನಮ್ಮ ಹುಡುಗೀನ ನಿಮ್ಮ ಉಡ್ಯಾಗ ಹಾಕೇನ್ರೀ ಮಾಸ್ತರ” ಎಂದಿದ್ದ. ಬೆಳಿಗ್ಗೆ ಉದ್ದ ಜಿಗಿತದಲ್ಲಿ ಅವಳ ಕಾಲು ಹೊರಳಿತು. ಸಂಜೆಗೆ 800 ಮೀಟರ್ ಓಟ. ಅದರಲ್ಲಿ ಅವಳನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲವೆಂದು ನನ್ನ ನಂಬಿಕೆ. ಹುಡುಗಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು, “ನಾ ಓಡ್ತೀನ್ರೀ ಸರ್, ಏನೂ ಆಗಿಲ್ಲರೀ” ಎಂದಳು. ನಾನು ಪಟ್ಟಿಯಿಂದ ಅವಳ ಹೆಸರನ್ನು ಹೊಡೆಸಿದೆ. ಓಟ ನಡೆಯುವಾಗ ಅವಳು ಬಿಳಿ ಗೆರೆಯ ಈಚೆ, ನನ್ನ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಊರು ತಲುಪುವವರೆಗೆ ನನ್ನ ಸಂಗಡ ಒಂದು ಮಾತು ಆಡಲಿಲ್ಲ. ಮರುವರ್ಷ ಅವಳ ಮದುವೆಯಾಯಿತು. ಮತ್ತೆ ಅವಳು ಯಾವ ಕೂಟದಲ್ಲಿಯೂ ಓಡಲಿಲ್ಲ.

ನಾನು ಮಾಡಿದ್ದು ಸರಿಯೆಂದು ಇಪ್ಪತ್ತಾರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಶೋಭೆಯ ಓಟ ನೋಡಿದ ಮೇಲೂ ಅದು ತಪ್ಪೆಂದು ನಾನು ಹೇಳಲಾರೆ. ಶೋಭಾ ಇಪ್ಪತ್ತಾರರ ಪ್ರಬುದ್ಧೆ, ತನ್ನ ದೇಹವನ್ನು ಬಲ್ಲವಳು; ನನ್ನವಳು ಬೆಳೆಯುವ ಕೂಸು. ಲಾಸ್ ಏಂಜಲೀಸಿನ ಮಹಿಳೆಯರ ಮ್ಯಾರಥಾನಿನಲ್ಲಿ ಸ್ವಿಟ್ಸರ್ಲೆಂಡಿನ ಗೇಬ್ರಿಯೆಲಾ ಆಂಡರ್ಸನ್-ಶೀಸ್ ಬಿಸಿಲಿನ ಝಳಕ್ಕೆ ಬಾಗಿ, ಕಾಲೆಳೆಯುತ್ತ ಕ್ರೀಡಾಂಗಣವನ್ನು ಹೊಕ್ಕಾಗ, ಮುಟ್ಟಿದರೆ ಓಟವೇ ರದ್ದಾಗುವುದೆಂದು ಅವಳು ವೈದ್ಯರಿಂದ ದೂರ ಸರಿದಳು. ಅವರಾದರೋ ಅವಳ ಮೈಯಲ್ಲಿ ಇನ್ನೂ ಬೆವರು ಹರಿಯುತ್ತಿರುವುದನ್ನು ಗಮನಿಸಿ, ಅಪಾಯವಿಲ್ಲವೆಂದು ತಿಳಿದು ಬಿಟ್ಟುಕೊಟ್ಟರು. ಆ ಕಡೆಯ ಸುತ್ತಿಗೆ ಅವಳಿಗೆ ಐದು ನಿಮಿಷಕ್ಕೂ ಮಿಕ್ಕು ಹಿಡಿಯಿತು. ನನ್ನನ್ನು ಚುಚ್ಚುವುದು ಆ ಬೆವರಿನ ಮಾತು. ಅವರು ಅವಳನ್ನು ನೋಡಿ ತೀರ್ಮಾನಿಸಿದರು. ನಾನು ಹುಡುಗಿಯ ಕಾಲನ್ನು ಸರಿಯಾಗಿ ಒತ್ತಿ ಕೂಡ ನೋಡಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ರೊಟ್ಟಿಯ ಗಂಟು ಕೊಟ್ಟ ಆ ತಂದೆ, ಅವನ ಹಿಂದೆ ಊರಿನ ಹಿರಿಯರು. ಏನಾದರೂ ಆದರೆ ನನ್ನ ಗತಿಯೇನು? ಕಾಲು ಅವಳದು, ಹೆದರಿಕೆ ನನ್ನದು. ಹೆಸರು ಹೊಡೆಸಿದ್ದು ಆ ಹೆದರಿಕೆ.

ಅಥೆನ್ಸಿನ ಪಂದ್ಯಗಳು ಮುಗಿದ ವಾರ ಸಂತೆಯಲ್ಲಿ ಅವಳೇ ಎದುರಾದಳು. ತಲೆಯಲ್ಲಿ ಒಂದೆರಡು ನರೆಗೂದಲು, ಕೈಯಲ್ಲಿ ಕಾಯಿಪಲ್ಯದ ಚೀಲ. ಕುಶಲ ಕೇಳುವ ಮೊದಲೇ, “ಟೀವ್ಯಾಗ ಆ ಶೋಭಾನ್ನ ನೋಡಿದ್ರೇನ್ರೀ ಸರ್?” ಎಂದಳು.

“ನೋಡಿದೆನವ್ವಾ.”

“ಅಕೀಗೆ ಯಾರೂ ಬ್ಯಾಡ ಅನ್ನಲಿಲ್ಲ ನೋಡ್ರಿ.”

ನಗುತ್ತಲೇ ಹೇಳಿದಳು. ನನಗೆ ನಗಲಾಗಲಿಲ್ಲ. “ಅವತ್ತ ನನಗ ಹೆದರಿಕಿ ಆಗಿತ್ತವ್ವಾ, ನಿಮ್ಮಪ್ಪಗ ಏನ ಹೇಳ್ಲಿ ಅಂತ. ನಿನ್ನ ಕಾಲು ನಾ ನೋಡಲೇ ಇಲ್ಲ” ಎಂದೆ. ಸಂತೆಯ ಗದ್ದಲದಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಒಂದು ಗಳಿಗೆ ಅನುಮಾನವಾಯಿತು. ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

“ಭಾಳ ನೋಯಾಕತ್ತಿತ್ತರೀ ಸರ್. ನಿಮಗ ಹೇಳಿದ್ದಿಲ್ಲ ನಾ,” ಎಂದಳು. ಆಮೇಲೆ, ತನ್ನ ಕಿರಿಯ ಮಗಳು ಶಾಲೆಯಲ್ಲಿ ಚೆನ್ನಾಗಿ ಓಡುತ್ತಾಳೆಂದೂ, ಅವಳಿಗೆ ಬೂಟು ಕೊಡಿಸಬೇಕಾಗಿದೆಯೆಂದೂ, ಧಾರವಾಡದಲ್ಲಿ ಯಾವ ಅಂಗಡಿಗೆ ಹೋಗಬೇಕೆಂದೂ ಕೇಳತೊಡಗಿದಳು.