ಬೈಲಹೊಂಗಲದ ಒಂದು ಕೊಲೆ, ಮತ್ತೆ ನಾಲ್ಕಾರು ಆಲ್ಬಂಗಳು

ಬೈಲಹೊಂಗಲ ಅಂದರೆ ಹೊರಗಿನವರಿಗೆ ನೆನಪಾಗುವುದು ಕಿತ್ತೂರು ಚೆನ್ನಮ್ಮನ ಸಮಾಧಿ. ಕಿತ್ತೂರು ಅಂದರೆ ಕೋಟೆ. ಸವದತ್ತಿ ಅಂದರೆ ಎಲ್ಲಮ್ಮನ ಗುಡ್ಡ. ರಾಮದುರ್ಗ ಅಂದರೆ... ರಾಮದುರ್ಗದವರನ್ನು ಬಿಟ್ಟು ಉಳಿದವರಿಗೆ ಏನೂ ನೆನಪಾಗುವುದಿಲ್ಲ, ಪಾಪ :) ಈ ನಾಲ್ಕೂ ಊರುಗಳ ಬಸ್ಸಿನಲ್ಲಿ ಓಡಾಡಿಕೊಂಡು ಬೆಳೆದ ನನಗೆ ಮಾತ್ರ ಬೈಲಹೊಂಗಲ ಅಂದ ಕೂಡಲೆ ನೆನಪಾಗುವುದು ಒಂದು ಕೊಲೆ. ಸಂಗ್ಯಾನ ಕೊಲೆ. ಅದರ ಬೆಲೆ ನನಗೆ ಗೊತ್ತಾಗಿದ್ದು ಇಂಗ್ಲೆಂಡಿನವರ ಒಂದು ಹಳೇ ರಾಕ್ ಆಲ್ಬಂ ಕೇಳಿದ ಮೇಲೆ ಅನ್ನುವುದು ತಮಾಷೆ.

ಸಂಗ್ಯಾ ಬಾಳ್ಯಾ ಕಥೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಸಂಗ್ಯಾ ಶ್ರೀಮಂತರ ಹುಡುಗ. ಈರ್ಯಾ ಅವನ ಗೆಳೆಯ. ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾನಿಗೆ ಮನಸ್ಸು. ಈರ್ಯಾ ವ್ಯಾಪಾರಕ್ಕೆ ಅಂತ ಪರವೂರಿಗೆ ಹೋದಾಗ ನಡೆಯಬಾರದ್ದು ನಡೆಯುತ್ತದೆ. ತಿರುಗಿ ಬಂದ ಈರ್ಯಾನಿಗೆ ವಿಷಯ ತಿಳಿಯುತ್ತದೆ. ಸಂಗ್ಯಾನ ಜೀವದ ಗೆಳೆಯ ಬಾಳ್ಯಾನೇ ಆಸೆಗೆ ಬಿದ್ದು ಅವನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ಇದು 19ನೇ ಶತಮಾನದಲ್ಲಿ ಬೈಲಹೊಂಗಲ ಸೀಮೆಯಲ್ಲಿ ನಿಜಕ್ಕೂ ನಡೆದದ್ದು ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ. ಮೊದಲು ಲಾವಣಿಯಾಯಿತು, ಆಮೇಲೆ ಸಣ್ಣಾಟ. ಶಾಸನಗಳ ವಿದ್ವಾಂಸ ಜೆ. ಎಫ್. ಫ್ಲೀಟ್ ಮುಂಬೈ ಸರಕಾರದ ಅಧಿಕಾರಿಯಾಗಿ ಈ ಕಡೆ ಇದ್ದವರು. ಅವರು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಮಾಡಿಸಿದ ಕೆಲವೇ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಇದೆ, ಸಂಗ್ಯಾನದೂ ಇದೆ. ಮುಂದೆ ಕಂಬಾರರಂಥವರು ಇದನ್ನು ಪುಸ್ತಕಕ್ಕೂ ನಗರದ ರಂಗಭೂಮಿಗೂ ತಂದರು.

ನಮ್ಮ ಕಾಕಾ ಈ ಆಟದಲ್ಲಿ ಹದಿನೆಂಟು ವರ್ಷ ಗಂಗಿ ಪಾತ್ರ ಮಾಡಿದವರು. ಮೀಸೆ ಬೋಳಿಸಿ, ಇಳಕಲ್ ಸೀರೆ ಉಟ್ಟು, ಬೆಳಗಿನ ತನಕ. ಹಾಗಾಗಿ ನನಗೆ ಈ ಪದಗಳು ಜೋಗುಳ ಇದ್ದ ಹಾಗೆ. ಜೋಗುಳದ ಬಗ್ಗೆ ಯಾರು ತಲೆ ಕೆಡಿಸಿಕೊಳ್ತಾರೆ?

ಈಗ ಆ ಇಂಗ್ಲೆಂಡಿನ ಆಲ್ಬಂ. ಹೆಸರು 'ಲೀಜ್ ಅಂಡ್ ಲೀಫ್'. ತಂಡ ಫೇರ್‌ಪೋರ್ಟ್ ಕನ್ವೆನ್ಷನ್. 1969ರ ಡಿಸೆಂಬರಿನಲ್ಲಿ ಬಂದದ್ದು. ನನಗೆ ಸಿಕ್ಕಿದ್ದು 1998ರಲ್ಲಿ, ಧಾರವಾಡದ ಹಾಸ್ಟೆಲ್ಲಿನಲ್ಲಿ, ಕಾಪಿ ಮಾಡಿದ ಕ್ಯಾಸೆಟ್ಟಿನ ಬಿ ಸೈಡಿನಲ್ಲಿ. ಬೀಟಲ್ಸ್, ಪಿಂಕ್ ಫ್ಲಾಯ್ಡ್ ಕೇಳಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದನ್ನು ಕೇಳಿದವರು ನನಗೆ ಈವರೆಗೆ ಸಿಕ್ಕಿದ್ದು ಮೂರೋ ನಾಲ್ಕೋ ಮಂದಿ. ಆ ವರ್ಷ ಮೇ ತಿಂಗಳಲ್ಲಿ ತಂಡದ ವ್ಯಾನು ಅಪಘಾತಕ್ಕೆ ಸಿಕ್ಕಿ 19 ವಯಸ್ಸಿನ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಉಳಿದವರು ತಂಡ ಬಿಟ್ಟುಬಿಡುವ ಯೋಚನೆಯಲ್ಲಿದ್ದವರು ಆಮೇಲೆ ಒಂದು ಹಳ್ಳಿ ಕಡೆ ಮನೆ ಬಾಡಿಗೆಗೆ ಹಿಡಿದು, ತಮ್ಮ ನಾಡಿನ ಹಳೇ ಪದಗಳನ್ನು ಎಲೆಕ್ಟ್ರಿಕ್ ಗಿಟಾರು, ಡ್ರಮ್ಸ್, ಪಿಟೀಲಿನ ಜೊತೆ ಹಾಡುತ್ತಾ ಕೂತರು. ಅದರ ಫಲ ಈ ಆಲ್ಬಂ.

ಅದರಲ್ಲಿ 'ಮ್ಯಾಟಿ ಗ್ರೋವ್ಸ್' ಅಂತ ಎಂಟು ನಿಮಿಷದ ಒಂದು ಪದ ಇದೆ. ಸಾಹುಕಾರ ಪರವೂರಿಗೆ ಹೋಗಿರ್ತಾನೆ. ಅವನ ಹೆಂಡತಿ ಮ್ಯಾಟಿ ಅನ್ನುವ ಹುಡುಗನನ್ನು ಮನೆಗೆ ಕರೀತಾಳೆ. ಆಳೊಬ್ಬ ಓಡಿ ಹೋಗಿ ಸಾಹುಕಾರನಿಗೆ ಸುದ್ದಿ ಮುಟ್ಟಿಸ್ತಾನೆ. ಆಮೇಲೆ ಎರಡು ಹೆಣ. ಸುಮಾರು 400 ವರ್ಷ ಹಳೆಯ ಪದವಂತೆ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅನ್ನುವ ಅಮೆರಿಕದ ಮೇಷ್ಟ್ರು 1882ರಿಂದ 1898ರವರೆಗೆ ಅಚ್ಚು ಹಾಕಿಸಿದ 305 ಕಥನ ಪದಗಳಲ್ಲಿ ಇದು 81ನೆಯದು. ನೋಡಿ, ಅಲ್ಲಿ ಚೈಲ್ಡ್ ಮ್ಯಾಟಿಯನ್ನು ಕಾಗದದ ಮೇಲೆ ಇಳಿಸುತ್ತಿದ್ದ ಹೊತ್ತಿಗೇ ಇಲ್ಲಿ ಫ್ಲೀಟ್ ಸಂಗ್ಯಾನನ್ನು ಇಳಿಸುತ್ತಿದ್ದರು! ಅವರ ಮ್ಯಾಟಿ 80-90 ವರ್ಷ ಕಳೆದು ರಾಕ್ ತಂಡದ ಕೈಗೆ ಸಿಕ್ಕ. ನಮ್ಮ ಸಂಗ್ಯಾ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಸಂಗೀತದ ದೃಷ್ಟಿಯಿಂದ ನನಗೆ ಆಶ್ಚರ್ಯ ಅನ್ನಿಸಿದ್ದು ಬೇರೆ. ಈ ಹಾಡಿಗೆ ಪಲ್ಲವಿಯೇ ಇಲ್ಲ. ಒಂದೇ ಧಾಟಿ, ನುಡಿಯ ಮೇಲೆ ನುಡಿ. ಸಿನಿಮಾ ಹಾಡು ಕೇಳಿ ಬೆಳೆದ ಕಿವಿಗೆ ಎರಡನೇ ನಿಮಿಷಕ್ಕೇ ಬೇಜಾರಾಗಬೇಕು. ಆಗುವುದಿಲ್ಲ. ಯಾಕೆಂದರೆ ಸ್ಯಾಂಡಿ ಡೆನ್ನಿ ದನಿ ಏರಿಸುವುದೇ ಇಲ್ಲ. ಪಕ್ಕದ ಮನೆ ಸುದ್ದಿ ಹೇಳಿದ ಹಾಗೆ ಕೊಲೆಯನ್ನು ಹೇಳಿ ಮುಗಿಸ್ತಾಳೆ. ಸಿಟ್ಟು, ಹೆದರಿಕೆ, ರಕ್ತ ಎಲ್ಲಾ ಹಾಡು ಮುಗಿದ ಮೇಲೆ ಪಿಟೀಲು ಮತ್ತು ಗಿಟಾರಿನಲ್ಲಿ ಬರ್ತದೆ. ನಮ್ಮ ಸಣ್ಣಾಟದಲ್ಲಿ ಪಾತ್ರಧಾರಿ ಒಂದು ನುಡಿ ಬಿಟ್ಟ ಕೂಡಲೆ ಹಿಮ್ಮೇಳದವರು ಕೊನೇ ಮಾತನ್ನು ಎತ್ತಿಕೊಂಡು ಎಳೀತಾರಲ್ಲ, ಪೇಟಿ ತಬಲಾ ತಾಳ ಎಲ್ಲಾ ಒಮ್ಮೆಲೆ ಏರ್ತಾವಲ್ಲ, ಅದೇ ಕೆಲಸ.

ಇದನ್ನು ಕಾಕಾನಿಗೆ ಮೊಬೈಲಿನಲ್ಲಿ ಕೇಳಿಸಿದೆ. ಇಂಗ್ಲಿಷ್ ಒಂದಕ್ಷರ ಬಾರದ ಮನುಷ್ಯ. ಪೂರ್ತಿ ಕೇಳಿ, "ಯಾಂವ ಸತ್ತ?" ಅಂದರು. ಯಾರೋ ಸತ್ತಿದ್ದಾರೆ ಅಂತ ನಾನು ಹೇಳಿರಲಿಲ್ಲ. ಕಥೆ ಹೇಳಿದೆ. "ಬಾಳ್ಯಾ ಇಲ್ಲೇನ ಇದರಾಗ?" ಅಂತ ಕೇಳಿದರು. ಆಳು ಇದ್ದಾನೆ, ಗೆಳೆಯ ಇಲ್ಲ ಅಂದೆ. "ಹಂಗಾರ ನಮ್ಮದ ಚಲೋ ಐತಿ ಬಿಡು. ಆಳು ಸುದ್ದಿ ಮುಟ್ಟಿಸಿದ್ರ ಏನ ಬಂತು, ಗೆಳ್ಯಾ ಕೈ ಬಿಡಬೇಕು."

ವಿಮರ್ಶೆ ಅಂದ್ರೆ ಇದಪ್ಪಾ!

ಈ ಮಾತು ಕೇಳಿದ ಮೇಲೆ ನನಗೆ ನಿಕ್ ಕೇವ್ ನೆನಪಾದ. ಆಸ್ಟ್ರೇಲಿಯಾದವನು. 1996ರಲ್ಲಿ ಅವನೂ ಅವನ ತಂಡವೂ ಸೇರಿ 'ಮರ್ಡರ್ ಬ್ಯಾಲಡ್ಸ್' ಅಂತ ಬರೀ ಕೊಲೆಗಳದ್ದೇ ಒಂದು ಆಲ್ಬಂ ಮಾಡಿದರು. ಕೈಲಿ ಮಿನೋಗ್ ಜೊತೆ ಹಾಡಿದ ಗುಲಾಬಿ ಹೂವಿನ ಹಾಡು ಹೆಸರು ಮಾಡಿತು. ಉಳಿದದ್ದನ್ನು ಕೇಳಿದವರು ಕಡಿಮೆ. ಅದರಲ್ಲಿ 'ಸ್ಟ್ಯಾಗರ್ ಲೀ' ಇದೆ. 1895ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಿಜವಾಗಿ ನಡೆದ ಕೊಲೆಯಿಂದ ಹುಟ್ಟಿದ ಪದ ಅದು. ಬಹಳ ಜನ ಈ ಆಲ್ಬಮ್ಮನ್ನು ತಲೆ ಮೇಲೆ ಹೊತ್ತುಕೊಂಡು ಕುಣೀತಾರೆ. ನನಗೆ ಅಷ್ಟು ಹಿಡಿಸಲಿಲ್ಲ. ಕೇವ್‌ಗೆ ಕೊಲೆಯ ಮೇಲೆ ಪ್ರೀತಿ ಜಾಸ್ತಿ, ಸತ್ತವರ ಮೇಲೆ ಕಡಿಮೆ. ರಕ್ತ ಚೆಲ್ಲುವುದರಲ್ಲಿ ಒಂದು ಖುಷಿ ಇದೆ. ಮರುದಿನ ಬೆಳಿಗ್ಗೆ ಆ ಮನೆಯವರ ಗತಿ ಏನು ಅನ್ನುವುದಿಲ್ಲ. ಸಂಗ್ಯಾ ಬಾಳ್ಯಾ ನೋಡಿ ಎದ್ದು ಬರುವ ನಮ್ಮ ಜನ ಕೊಂದ ಈರ್ಯಾನನ್ನು ಬಯ್ಯುವುದಿಲ್ಲ, ಬಾಳ್ಯಾನನ್ನು ಬಯ್ಯುತ್ತಾ ಮನೆಗೆ ಹೋಗ್ತಾರೆ. ಆ ತೂಕ ನಿಕ್ ಕೇವ್‌ನಲ್ಲಿ ಸಿಗಲಿಲ್ಲ.

ಕನ್ನಡದ ರಾಕ್ ತಂಡಗಳು ಜಾನಪದಕ್ಕೆ ಕೈ ಹಾಕೇ ಇಲ್ಲವಾ ಅಂತ ನೀವು ಕೇಳಬಹುದು. ಹಾಕಿವೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಅದರಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಜೊತೆಗೆ ಶಿಶುನಾಳ ಷರೀಫರ ಎರಡು ಪದಗಳಿವೆ. ಗುಡುಗುಡಿಯ ಪದ ಎಲ್ಲರ ಬಾಯಲ್ಲಿದೆ. ನಾನು ಇಷ್ಟಪಡುವುದು ಇನ್ನೊಂದನ್ನು, ಮನೆಯ ಮಾಳಿಗೆ ಸೋರುವುದನ್ನು. ಬೆಂಗಳೂರಿನವರಿಗೆ ಮಾಳಿಗೆ ಅಂದರೆ ಮಹಡಿ. ನಮ್ಮ ಕಡೆ ಅದು ಮಣ್ಣಿನ ಮೇಲ್ಮುದ್ದೆ. ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹೇರಿ ತುಳೀಬೇಕು, ಇಲ್ಲದಿದ್ದರೆ ರಾತ್ರಿಯೆಲ್ಲಾ ಪಾತ್ರೆ ಇಟ್ಟುಕೊಂಡು ಕೂರಬೇಕು. ಆ ಹಾಡಿನಲ್ಲಿ ರಘು ಅವರ ಗಂಟಲು ಒಡೆಯುವ ಜಾಗದಲ್ಲಿ ನನಗೆ ನಮ್ಮ ಹಳೇ ಮನೆಯ ಜಂತಿ ಕಾಣಿಸ್ತದೆ. ಸಿ. ಅಶ್ವತ್ಥ್ ಹಾಡಿದ್ದೂ ದೊಡ್ಡದೇ, ಆದರೆ ಅದರಲ್ಲಿ ಉಪದೇಶದ ಗಾಂಭೀರ್ಯ. ಇದರಲ್ಲಿ ಮನೆ ಸೋರುತ್ತದೆ.

ಮೈಸೂರು-ಬೆಂಗಳೂರಿನ ಸ್ವರಾತ್ಮ ತಂಡದ ಮೊದಲ ಆಲ್ಬಂ 2009ರದ್ದು. ಅದರಲ್ಲಿರುವ 'ಈ ಭೂಮಿ' ಕನ್ನಡದ್ದು, ಕೇಳಬೇಕಾದದ್ದು. ಒಟ್ಟಾರೆ ಆಲ್ಬಂ ಬಗ್ಗೆ ನನ್ನ ತಕರಾರು ಅಂದರೆ, ಸಂದೇಶ ಕೊಡುವ ಅವಸರ ಸ್ವಲ್ಪ ಹೆಚ್ಚು. ಅದೇ 2008ರಲ್ಲಿ ಕೇರಳದಿಂದ 'ಅವಿಯಲ್' ಬಂತು. ತಂಡದ ಹೆಸರೂ ಅದೇ, ಆಲ್ಬಮ್ಮಿನದೂ ಅದೇ. ಮಲಯಾಳವನ್ನು ಒಂಚೂರೂ ಮೆತ್ತಗೆ ಮಾಡದೆ ರಾಕ್ ಮಾಡಿದ್ದಾರೆ. ಭಾಷೆ ತಿಳಿಯದೆ ಹೋದರೂ ಕೇಳಿ.

ನನ್ನ ಪ್ರಶ್ನೆ ಇಷ್ಟೇ. ಎಲ್ಲರೂ ಷರೀಫರ ಹತ್ತಿರವೇ ಯಾಕೆ ಹೋಗ್ತಾರೆ? ಷರೀಫರು ದೊಡ್ಡವರು, ಅದು ಒಂದು ಕಾರಣ. ಇನ್ನೊಂದು ಕಾರಣ, ತತ್ವಪದಕ್ಕೆ ಪಲ್ಲವಿ ಇದೆ. ಮೂರು ನುಡಿ, ನಡುನಡುವೆ ಪಲ್ಲವಿ, ನಾಲ್ಕು ನಿಮಿಷದ ಹಾಡಿನ ಅಚ್ಚಿಗೆ ಎರಕ ಹೊಯ್ದ ಹಾಗೆ ಕೂರ್ತದೆ. ಲಾವಣಿ ಹಾಗೆ ಕೂರುವುದಿಲ್ಲ. ಅದಕ್ಕೆ ಕಥೆ ಮುಗೀಬೇಕು. ಹತ್ತಿರ ಬಂದದ್ದು ಅಂದರೆ 'ನಾಗಮಂಡಲ'ದ ಹಾಡುಗಳು, 1997ರ ಸಿನಿಮಾ. ಗೋಪಾಲ ಯಾಜ್ಞಿಕರ ನಮ್ಮ ಕಡೆ ಮಾತು, ಅಶ್ವತ್ಥರ ಸಂಗೀತ. ಆದರೂ ಅಲ್ಲಿ ಕಥೆ ಹೇಳುವ ಭಾರ ಸಿನಿಮಾದ ಮೇಲಿತ್ತು, ಹಾಡಿನ ಮೇಲಿರಲಿಲ್ಲ.

ಹಿಂದೆ ಎಲ್ಲಮ್ಮನ ಗುಡ್ಡದಲ್ಲಿ, ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆಯಲ್ಲಿ, ಕ್ಯಾಸೆಟ್ ಅಂಗಡಿ ಸಾಲಾಗಿ ಇರ್ತಿದ್ದವು. ದೇವಿ ಪದಕ್ಕೆ ಕೀಬೋರ್ಡು, ರಿದಂ ಪ್ಯಾಡು ಹಾಕಿದ ಕ್ಯಾಸೆಟ್ಟುಗಳು. ಓದಿದವರು ಮೂಗು ಮುರೀತಿದ್ದರು. ನನಗೆ ಅವೇ ನಮ್ಮ ಪಾಪ್ ಆಲ್ಬಂಗಳು. ಅವುಗಳಲ್ಲಿ ಕೆಲವು ಬಹಳ ಚೆನ್ನಾಗಿದ್ದವು, ವಿಶೇಷವಾಗಿ ಕೀಬೋರ್ಡಿನ ಗದ್ದಲದಲ್ಲೂ ಚೌಡಿಕೆಯನ್ನು ಬಿಡದೆ ಉಳಿಸಿಕೊಂಡವು. ಚೌಡಿಕೆಯ ತಂತಿ ಬಿಗಿದು ಸಡಿಲಿಸಿದಾಗ ಸ್ವರ ಜಾರ್ತದಲ್ಲ, ಆ ಜಾರುವಿಕೆಗಾಗಿ ಗಿಟಾರಿನವರು ಬಾಟಲಿ ಕತ್ತು, ಪೆಡಲ್ಲು ಅಂತ ಏನೇನೋ ಸರ್ಕಸ್ ಮಾಡ್ತಾರೆ. ಆ ಅಂಗಡಿಗಳು ಮುಚ್ಚಿದವು. ಬಹಳಷ್ಟು ಕ್ಯಾಸೆಟ್ಟುಗಳ ಮೇಲೆ ಹಾಡಿದವರ ಹೆಸರೇ ಇರಲಿಲ್ಲ. ಈಗ ಹುಡುಕೋಣ ಅಂದರೆ ಯಾರ ಹೆಸರಿಂದ ಹುಡುಕುವುದು?

ಕಾಕಾನ ಆಟದ ಮೇಳವೂ ಚೆದುರಿ ಬಹಳ ವರ್ಷ ಆಯ್ತು. ತಬಲಾದವರು ತೀರಿಕೊಂಡರು. ಕಾಕಾನಿಗೆ ಈಗ 76. ಹೋದ ವರ್ಷ ಒಂದೂವರೆ ತಾಸು ರೆಕಾರ್ಡ್ ಮಾಡಿಕೊಂಡೆ. ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಒಡೀತದೆ, ಕೆಮ್ಮು ಬರ್ತದೆ. ಬರೆದಿಟ್ಟ ಪುಸ್ತಕ ಇಲ್ಲ, ಎಲ್ಲಾ ಬಾಯಲ್ಲೇ. ಅಚ್ಚಾದ ಸಂಗ್ಯಾ ಬಾಳ್ಯಾಕ್ಕೂ ಇವರ ಬಾಯಲ್ಲಿರುವುದಕ್ಕೂ ಅಲ್ಲಲ್ಲಿ ವ್ಯತ್ಯಾಸ ಇದೆ, ಧಾಟಿಯಂತೂ ಯಾವ ಪುಸ್ತಕದಲ್ಲೂ ಇಲ್ಲ.

ಈ ರೆಕಾರ್ಡಿಂಗನ್ನು ನನ್ನ ತಂಗಿ ಮಗನಿಗೆ ಕೊಟ್ಟೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದ್ತಾನೆ, ಕಾಲೇಜಿನಲ್ಲಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಾನೆ. ತಿಂಗಳಾದ ಮೇಲೆ ಕಳಿಸಿದ. ನಾಲ್ಕು ನಿಮಿಷ! ಮೂರು ನುಡಿ ಇಟ್ಟುಕೊಂಡು, ನಡುವೆ ತಾನೇ ಬರೆದ ಒಂದು ಪಲ್ಲವಿ ಸೇರಿಸಿದ್ದ. ಜೋರು ಜಗಳ ಆಯ್ತು. ಅವನಿಗೆ ಮ್ಯಾಟಿ ಗ್ರೋವ್ಸ್ ಕೇಳಿಸಿದೆ. ಅವನು ಇನ್ನೂ ಜಾಣ, ಎರಡು ದಿನ ಓದಿಕೊಂಡು ಬಂದು, "ಮಾಮಾ, ಅವರೂ ಧಾಟಿ ಬದಲು ಮಾಡ್ಯಾರ. 'ಶೇಡಿ ಗ್ರೋವ್' ಅನ್ನೋ ಅಮೆರಿಕದ ಪದದ ಧಾಟಿ ತಂದು ಹಾಕ್ಯಾರ. ನಂಗ್ಯಾಕ ಬೈತೀರಿ?" ಅಂದ. ಮಾತು ನಿಜ. ಧಾಟಿ ಬೇಕಾದರೆ ಬದಲಿಸು, ಕಥೆ ಕತ್ತರಿಸಬೇಡ ಅಂತ ರಾಜಿಯಾಯಿತು.

ಎರಡನೇ ಸಲ ಕಳಿಸಿದ್ದು ಹನ್ನೊಂದು ನಿಮಿಷ. ಪಲ್ಲವಿ ಇಲ್ಲ. ಗಿಟಾರು ಹಿಮ್ಮೇಳದ ಹಾಗೆ ನುಡಿಯ ಬಾಲ ಹಿಡಿದು ಎಳೀತದೆ. ನನಗೆ ಮೈ ಜುಮ್ ಅಂತು. ಕಾಕಾ ಕಣ್ಣು ಮುಚ್ಚಿ ಕೇಳಿ, "ಬಾಳ್ಯಾಂದು ಎರಡು ನುಡಿ ನುಂಗ್ಯಾನ" ಅಂದರು. ರೆಕಾರ್ಡಿಂಗಿನಲ್ಲಿ ಕೆಮ್ಮು ಬಂದ ಜಾಗ ಅದು, ಹುಡುಗನಿಗೆ ಕೇಳಿಸಿರಲಿಲ್ಲ.

ಈಗ ಅವನು ರವಿವಾರ ರವಿವಾರ ಧಾರವಾಡದ ಮೇಲಿಂದ ಬಸ್ಸಿನಲ್ಲಿ ಬರ್ತಾನೆ, ಗಿಟಾರು ಹೊತ್ತುಕೊಂಡು. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಕೇಳಿದನಂತೆ :) ಕಾಕಾನ ಹಳೇ ಪೇಟಿಯ ಸ್ವರ ಯಾವ ಟ್ಯೂನರ್ ಯಂತ್ರಕ್ಕೂ ಹೊಂದುವುದಿಲ್ಲ. ಹುಡುಗ ಮೊದಲು ಅದಕ್ಕೆ ಸರಿಯಾಗಿ ಆರೂ ತಂತಿ ಇಳಿಸಿಕೊಳ್ತಾನೆ, ಆಮೇಲೆ ಇಬ್ಬರೂ ಕೂರ್ತಾರೆ. ಒಂದು ಸಲಕ್ಕೆ ನಾಲ್ಕೈದು ನುಡಿಗಿಂತ ಹೆಚ್ಚು ಆಗುವುದಿಲ್ಲ, ಅಷ್ಟರಲ್ಲಿ ಕಾಕಾನಿಗೆ ದಣಿವಾಗ್ತದೆ, ಚಹಾ ಬೇಕಾಗ್ತದೆ. ಈರ್ಯಾ ಇನ್ನೂ ಪರವೂರಿನಲ್ಲೇ ಇದ್ದಾನೆ. ಬರುವ ರವಿವಾರ ಅವನನ್ನು ಊರಿಗೆ ಕರೆಸಬೇಕು.