ತಾಯಿ ಕೊಟ್ಟ ಹೆಸರು

ಕಳೆದ ಜೂನ್ ತಿಂಗಳಲ್ಲಿ ನಮ್ಮ ತಂಗಿಯ ಮಗಳನ್ನು ಪಿಯುಸಿಗೆ ಸೇರಿಸಲು ನಾವು ಕುಂದಾಣದಿಂದ ಬೆಳಗಿನ ಬಸ್ಸು ಹಿಡಿದು ಹೊರಟೆವು. ಹುಡುಗಿಗೆ ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಪ್ರತಿಭಾ ಕಾರಂಜಿಯಲ್ಲಿ ಹಾಡಿ ಗೆದ್ದ ಪ್ರಮಾಣಪತ್ರಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಕಾಲೇಜಿನ ಕಿಟಕಿಯ ಮುಂದೆ ಒಂದು ಗಂಟೆ ಸಾಲಿನಲ್ಲಿ ನಿಂತ ಮೇಲೆ ನಮ್ಮ ಸರದಿ ಬಂತು. ಗುಮಾಸ್ತರು ಅರ್ಜಿಯ ಮೇಲೆ ಕಣ್ಣಾಡಿಸಿ, 'ತಂದೆ ಸಹಿ ಇಲ್ವಲ್ಲಮ್ಮ' ಎಂದರು.

'ಅವರು ನಮ್ಮ ಜೊತೆ ಇಲ್ಲ ಸಾರ್. ನಾನೇ ಹಾಕ್ತೀನಿ' ಎಂದಳು ತಂಗಿ.

'ತೀರಿಕೊಂಡಿದ್ರೆ ಡೆತ್ ಸರ್ಟಿಫಿಕೇಟ್ ಕೊಡಿ. ಬದುಕಿದ್ರೆ ಸಹಿ ಹಾಕ್ಸಿಕೊಂಡು ಬನ್ನಿ.'

ತೀರಿಕೊಂಡಿರಲಿಲ್ಲ. ಎಂಟು ವರ್ಷದ ಹಿಂದೆ ಮನೆ ಬಿಟ್ಟು ಹೋದ ಮನುಷ್ಯ ಎಲ್ಲೋ ಬದುಕಿದ್ದರು. ಹಿಂದೆ ನಿಂತವರು ಗೊಣಗತೊಡಗಿದಾಗ ನಮಗೂ ಮುಜುಗರವಾಯಿತು. 'ಅವರದ್ದೇ ಒಂದು ಸಹಿ ಗೀಚಿ ಕೊಟ್ಬಿಡೇ, ಯಾರು ನೋಡ್ತಾರೆ?' ಎಂದು ಮೆಲ್ಲಗೆ ಹೇಳಿದವರು ನಾವೇ. ತಂಗಿ ನಮ್ಮ ಮುಖ ನೋಡಿದಳು. 'ಅಕ್ಕ, ಎಂಟು ವರ್ಷ ಸುಳ್ಳು ಹೇಳದೆ ಸಾಕಿದೀನಿ. ಈಗ ಇವಳ ಮುಂದೆ ಕಳ್ಳ ಸಹಿ ಹಾಕ್ಲಾ?' ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಅರ್ಜಿ ವಾಪಸು ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಬಂದೆವು.

ನಮ್ಮ ತಂಗಿ ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಕತ್ತಲು ಹರಿಯುವಷ್ಟರಲ್ಲಿ ಎದ್ದು ಮುದ್ದೆ ಸಾರು ಮಾಡಿಟ್ಟು ವ್ಯಾನು ಹತ್ತಿದರೆ ವಾಪಸಾಗುವುದು ದೀಪ ಹಚ್ಚಿದ ಮೇಲೆ. ಊರಿನಲ್ಲಿ ಮದುವೆಯಾದರೆ ಸೋಬಾನೆ ಹಾಡಲು ಅವಳನ್ನೇ ಕರೆಯುತ್ತಾರೆ. ಮಗಳ ಕೊರಳಿಗೆ ಹಾಡು ಬಂದದ್ದು ಅಲ್ಲಿಂದಲೇ. ತಾಯಿ ಒಂದು ಸಾಲು ಹೇಳಿದರೆ ಮಗಳು ಹಿಂಬಾಲಿಸುತ್ತಿದ್ದಳು. ಈಗ ಮಗಳೇ ಮುಂದೆ ಹಾಡುತ್ತಾಳೆ, ತಾಯಿ ಹಿಂದೆ ಸೊಲ್ಲು ಹಿಡಿಯುತ್ತಾಳೆ. ಇಷ್ಟೆಲ್ಲ ಇದ್ದೂ ಆ ಕಿಟಕಿಯಲ್ಲಿ ಅವಳೊಬ್ಬಳೇ ಸಾಕಾಗಲಿಲ್ಲ.

ಬಸ್ಸಿನಲ್ಲಿ ಹುಡುಗಿ, 'ದೊಡ್ಡಮ್ಮ, ಬೇರೆ ಯಾರಿಗೂ ಹೀಗೆ ಆಗಿಲ್ವಾ?' ಎಂದು ಕೇಳಿದಳು. ಅವಳಿಗೆ ಹೇಳಲು ನಮಗೆ ನೆನಪಾದದ್ದು ಗೌಹರ್ ಜಾನ್ ಕಥೆ.

ಬಹಳ ವರ್ಷಗಳ ಹಿಂದೆ ಬಂಧುವೊಬ್ಬರನ್ನು ನೋಡಲು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಹೋಗಿ ಎರಡು ದಿನ ಅಲ್ಲಿಯ ಮೊಗಸಾಲೆಯಲ್ಲಿ ಕಳೆದಿದ್ದೆವು. ಇಡೀ ಹಿಂದೂಸ್ತಾನವನ್ನು ತನ್ನ ಕೊರಳಿನಿಂದ ಮರುಳು ಮಾಡಿದ ಒಬ್ಬ ಹೆಣ್ಣುಮಗಳು ಅದೇ ಆಸ್ಪತ್ರೆಯಲ್ಲಿ 1930ರ ಜನವರಿ 17ರಂದು ಕಣ್ಣು ಮುಚ್ಚಿದರೆಂದು ಆಮೇಲೆ ಓದಿ ತಿಳಿಯಿತು.

ಗೌಹರ್ ಹುಟ್ಟಿದ್ದು 1873ರಲ್ಲಿ, ಉತ್ತರ ಪ್ರದೇಶದ ಆಜಂಗಢದಲ್ಲಿ. ಆಗ ಆಕೆಯ ಹೆಸರು ಆಂಜೆಲಿನಾ ಯೋವರ್ಡ್. ತಂದೆ ರಾಬರ್ಟ್ ಯೋವರ್ಡ್ ಆರ್ಮೇನಿಯನ್ ಮೂಲದವರು. ತಾಯಿ ವಿಕ್ಟೋರಿಯಾ ಹೆಮ್ಮಿಂಗ್ಸ್. ಅವರ ತಾಯಿ ಹಿಂದೂಸ್ತಾನದವರು, ತಂದೆ ಇಂಗ್ಲಿಷರವರು. ಮಗುವಿಗೆ ಆರು ವರ್ಷವಾಗಿದ್ದಾಗ, 1879ರಲ್ಲಿ, ಮದುವೆ ಮುರಿಯಿತು. ಕೈಯಲ್ಲಿ ಕಾಸಿಲ್ಲದ ತಾಯಿ ಮಗಳನ್ನು ಕರೆದುಕೊಂಡು ಬನಾರಸಿಗೆ ಹೋದರು. ಅಲ್ಲಿ ಖುರ್ಷೀದ್ ಎಂಬವರ ಆಸರೆ ಸಿಕ್ಕಿತು. ತಾಯಿ ಇಸ್ಲಾಂ ಧರ್ಮ ಸ್ವೀಕರಿಸಿ ತನಗೆ ಮಲ್ಕಾ ಜಾನ್ ಎಂದೂ ಮಗಳಿಗೆ ಗೌಹರ್ ಜಾನ್ ಎಂದೂ ಹೆಸರಿಟ್ಟರು. ಗೌಹರ್ ಎಂದರೆ ಮುತ್ತು, ರತ್ನ. ತನ್ನದೆಲ್ಲ ಕಳೆದುಕೊಂಡ ಹೆಣ್ಣು ಉಳಿದ ಒಂದು ಮಗುವಿಗೆ ಇಟ್ಟ ಹೆಸರದು.

ಮಲ್ಕಾ ಸುಮ್ಮನೆ ಕೂರಲಿಲ್ಲ. ಹಾಡು, ಕಥಕ್ ಎರಡರಲ್ಲೂ ಪಳಗಿ ಬನಾರಸಿನಲ್ಲಿ ಹೆಸರು ಮಾಡಿದರು. ಅದೇ ಹೆಸರಿನ ಬೇರೆ ಗಾಯಕಿಯರೂ ಇದ್ದುದರಿಂದ ಜನ ಇವರನ್ನು ಬಡೀ ಮಲ್ಕಾ ಜಾನ್ ಎಂದು ಕರೆದರು. 1883ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ಬಂದರು. ಲಖನೌದ ಗದ್ದುಗೆ ಕಳೆದುಕೊಂಡ ನವಾಬ ವಾಜಿದ್ ಅಲಿ ಷಾ ಆಗ ಕಲ್ಕತ್ತೆಯ ಮಟಿಯಾಬುರ್ಜಿನಲ್ಲಿದ್ದರು. ಅವರ ದರ್ಬಾರಿನಲ್ಲಿ ಮಲ್ಕಾಗೆ ಮನ್ನಣೆ ದೊರೆಯಿತು. ಕೆಲವೇ ವರ್ಷಗಳಲ್ಲಿ ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆ ಕೊಂಡರು. ಮಲ್ಕಾ ಬರೆದ ಉರ್ದು ಗಜಲ್‌ಗಳ ಸಂಕಲನ 1886ರಲ್ಲಿ ಅಚ್ಚಾಯಿತು. ಏಳು ವರ್ಷದ ಹಿಂದೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗೆ ಬಿದ್ದ ಹೆಣ್ಣು ದೀವಾನ್ ಪ್ರಕಟಿಸಿದ ಕವಿಯಾದರು.

ತವಾಯಫ್ ಎಂಬ ಪದವನ್ನು ನಮ್ಮ ಸಮಾಜ ಬಯ್ಗುಳದಂತೆ ಬಳಸುತ್ತದೆ. ಅವರ ಮನೆಗಳಲ್ಲೇ ಠುಮ್ರಿ, ದಾದ್ರಾ, ಗಜಲ್ ಗಾಯನ ಬೆಳೆದವೆಂಬುದನ್ನು ಮರೆಯುತ್ತದೆ. ಹಾಡು ಬೇಕು, ಹಾಡಿದವಳು ಬೇಡ ಎಂಬುದು ಹಳೆಯ ಚಾಳಿ. ಮಲ್ಕಾಗೆ ಇದು ತಿಳಿದಿತ್ತು. ಆದ್ದರಿಂದಲೇ ಮಗಳ ವಿದ್ಯೆಯಲ್ಲಿ ಒಂದಿಷ್ಟೂ ಕೊರತೆಯಾಗಲು ಬಿಡಲಿಲ್ಲ. ಪಟಿಯಾಲಾದ ಕಾಲೇ ಖಾನ್ ಅವರಿಂದ ಹಾಡು, ಬಿಂದಾದೀನ್ ಮಹಾರಾಜರಿಂದ ಕಥಕ್ ಕಲಿಸಿದರು. 1887ರಲ್ಲಿ ದರ್ಭಾಂಗಾ ಸಂಸ್ಥಾನದಲ್ಲಿ ಗೌಹರ್ ಮೊದಲ ಬಾರಿಗೆ ಸಭೆಯ ಮುಂದೆ ಹಾಡಿದಾಗ ಆಕೆಗೆ ಹದಿನಾಲ್ಕು ವರ್ಷವೂ ತುಂಬಿತ್ತೋ ಇಲ್ಲವೋ.

1902ರಲ್ಲಿ ಗ್ರಾಮಾಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಣ ಯಂತ್ರ ಹೊತ್ತು ಕಲ್ಕತ್ತೆಗೆ ಬಂದರು. ಹೋಟೆಲಿನ ಕೋಣೆಯೇ ಸ್ಟುಡಿಯೋ. ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ರಾತ್ರಿಯಿಡೀ ಬೆಳೆಸುವ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಬೇಕು. ಎಷ್ಟೋ ಗಾಯಕರು ಹಿಂಜರಿದ ಆ ಯಂತ್ರದ ಮುಂದೆ ಗೌಹರ್ ಧೈರ್ಯವಾಗಿ ನಿಂತರು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ 'ನನ್ನ ಹೆಸರು ಗೌಹರ್ ಜಾನ್' ಎಂದು ಕೂಗಿ ಹೇಳಿದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ಗೊತ್ತಾಗಲೆಂದು ಈ ಏರ್ಪಾಡು. ಮುಂದಿನ ಎರಡು ದಶಕಗಳಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳು ಅವರ ಧ್ವನಿಯಲ್ಲಿ ಮುದ್ರಣವಾದವು. ಬೆಂಕಿಪೊಟ್ಟಣದ ಮೇಲೂ ಅವರ ಚಿತ್ರ ಬಂತು. ಆ ಕೂಗನ್ನು ಇಂದು ಮೊಬೈಲಿನಲ್ಲೂ ಕೇಳಬಹುದು. ಕೇಳಿದಾಗಲೆಲ್ಲ ನಮಗೆ ಅನಿಸುವುದಿಷ್ಟೇ: ಅಲ್ಲಿ ತಂದೆಯ ಮನೆತನದ ಹೆಸರಿಲ್ಲ. ತಾಯಿ ಕೊಟ್ಟ ಹೆಸರೊಂದೇ ಇದೆ.

1906ರಲ್ಲಿ ಮಲ್ಕಾ ತೀರಿಕೊಂಡರು. ತಾಯಿಯೇ ಗುರು, ಯಜಮಾನಿ, ಗೆಳತಿ ಎಲ್ಲವೂ ಆಗಿದ್ದ ಮಗಳಿಗೆ ಅದು ದೊಡ್ಡ ಪೆಟ್ಟು. ದುಃಖ ಆರುವ ಮುಂಚೆಯೇ ಇನ್ನೊಂದು ಪೆಟ್ಟು ಬಿತ್ತು. ಮನೆಯ ಕೆಲಸದಾಕೆಯ ಮಗನಾಗಿ ಅದೇ ಸೂರಿನಡಿ ಬೆಳೆದ ಭಗ್ಲೂ ಎಂಬಾತ, ತಾನೇ ಮಲ್ಕಾ ಅವರ ಮಗ, ಆಸ್ತಿ ತನಗೇ ಸೇರಬೇಕು ಎಂದು ದಾವೆ ಹೂಡಿದ. ಗೌಹರ್ ಹುಟ್ಟನ್ನೇ ಪ್ರಶ್ನಿಸಿದ. ಊರೂರಿನ ಜನ ಹೆಸರು ಹೇಳಿದರೆ ಗುರುತಿಸುತ್ತಿದ್ದ ಗಾಯಕಿ ನ್ಯಾಯಾಲಯದಲ್ಲಿ ತಾನು ಯಾರ ಮಗಳೆಂದು ಸಾಬೀತು ಮಾಡಬೇಕಾಯಿತು! ಅದಕ್ಕೆ ಬೇಕಾದದ್ದು ತಂದೆಯ ಸಾಕ್ಷಿ. ಆರನೇ ವಯಸ್ಸಿನಲ್ಲಿ ತನ್ನಿಂದ ದೂರವಾದ ಮನುಷ್ಯನನ್ನು ಹುಡುಕಿಕೊಂಡು ಆಕೆ ಹೋದರು. ಆ ತಂದೆ ಸಾಕ್ಷಿ ಹೇಳುವುದಕ್ಕೆ ಮಗಳಿಂದಲೇ ಹಣ ಕೇಳಿದರು. ಕೊನೆಗೆ ತೀರ್ಪು ಗೌಹರ್ ಪರವಾಗಿಯೇ ಬಂತು. ಆದರೆ ಬಾಗಿಲ ಮುಂದೆ ನಿಂತ ಆ ಗಳಿಗೆಯ ಅವಮಾನವನ್ನು ಯಾವ ತೀರ್ಪು ಅಳಿಸೀತು?

ಕಥೆಯ ಈ ಭಾಗಕ್ಕೆ ಬಂದಾಗ ಬಸ್ಸಿನಲ್ಲಿ ನಮ್ಮ ತಂಗಿ ಕಿಟಕಿಯ ಆಚೆ ನೋಡುತ್ತಿದ್ದಳು. 'ಅವರಿಗೂ ಸಹಿನೇ ಬೇಕಾಯ್ತಾ?' ಎಂದಳು ಹುಡುಗಿ.

ತಾಯಿಯಿಲ್ಲದ ಮೇಲೆ ಗೌಹರ್ ಬದುಕು ಹಳಿ ತಪ್ಪಿತು. ನಂಬಿದವರು ಮೋಸ ಮಾಡಿದರು, ವ್ಯಾಜ್ಯಗಳಲ್ಲಿ ಆಸ್ತಿ ಕರಗಿತು. ಊರೂರು ಅಲೆದ ಅವರನ್ನು ಕೊನೆಗೆ ಕರೆದುಕೊಂಡದ್ದು ನಮ್ಮ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರ ಆಗಸ್ಟ್ 1ರಿಂದ ಅವರನ್ನು ತಿಂಗಳಿಗೆ 500 ರೂಪಾಯಿ ಸಂಬಳದ ಆಸ್ಥಾನ ಗಾಯಕಿಯಾಗಿ ನೇಮಿಸಿದರು. ಒಂದೂವರೆ ವರ್ಷವೂ ತುಂಬುವ ಮೊದಲೇ ಅವರು ಇಲ್ಲವಾದರು. ಬಹುಕಾಲ ಮರೆತೇ ಹೋಗಿದ್ದ ಈ ಕಥೆಯನ್ನು ಬೆಂಗಳೂರಿನವರೇ ಆದ ವಿಕ್ರಮ್ ಸಂಪತ್ ಮೈಸೂರಿನ ಹಳೆಯ ಕಡತಗಳ ಜಾಡು ಹಿಡಿದು 2010ರಲ್ಲಿ ಪುಸ್ತಕವಾಗಿ ಬರೆದರು.

ತಾಯಿ ಮಗಳ ನಂಟು ಎಂದರೆ ಬರೀ ಜೇನು ಸಕ್ಕರೆಯೂ ಅಲ್ಲ. ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಜಯಲಲಿತಾ ಎರಡು ವರ್ಷದವರಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ತಾಯಿ ವೇದವಲ್ಲಿ ಸಂಧ್ಯಾ ಎಂಬ ಹೆಸರಿನಲ್ಲಿ ಸಿನಿಮಾ ಸೇರಿ ಮದರಾಸಿನಲ್ಲಿ ದುಡಿದರು. ಮಗಳು ಬೆಂಗಳೂರಿನಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದಳು. ತಾಯಿ ಬಂದ ರಾತ್ರಿ ಎದ್ದು ಹೋಗಬಾರದೆಂದು ಸೆರಗನ್ನು ಕೈಗೆ ಸುತ್ತಿಕೊಂಡು ಮಲಗುತ್ತಿದ್ದರಂತೆ. ತಾಯಿ ಮೆಲ್ಲಗೆ ಆ ಸೀರೆ ಕಳಚಿ ಹೊರಟರೆ ಚಿಕ್ಕಮ್ಮ ಅದನ್ನೇ ಉಟ್ಟು ಮಗುವಿನ ಪಕ್ಕ ಮಲಗುತ್ತಿದ್ದರು. ಇದನ್ನು ಜಯಲಲಿತಾ ಅವರೇ ಹೇಳಿಕೊಂಡಿದ್ದಾರೆ. ಓದಬೇಕೆಂದಿದ್ದ ಮಗಳನ್ನು ಸಿನಿಮಾಕ್ಕೆ ಕರೆತಂದದ್ದೂ ಅದೇ ತಾಯಿ. 1964ರಲ್ಲಿ ಬಿ.ಆರ್. ಪಂತುಲು ಅವರ 'ಚಿನ್ನದ ಗೊಂಬೆ'ಯಲ್ಲಿ ಅವರು ಕನ್ನಡದಲ್ಲಿ ನಾಯಕಿಯಾದರು. 1971ರಲ್ಲಿ ಸಂಧ್ಯಾ ತೀರಿಕೊಂಡಾಗ ಮಗಳಿಗೆ ಇಪ್ಪತ್ಮೂರು ವರ್ಷ. ಪ್ರೀತಿ, ಒತ್ತಾಯ, ಅಗಲಿಕೆ ಮೂರೂ ಒಂದೇ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದವು. ಗಾರ್ಮೆಂಟ್ಸ್ ವ್ಯಾನಿನ ಹಾರ್ನು ಕೇಳಿದೊಡನೆ ತಾಯಿಯ ಸೀರೆ ಹಿಡಿದು ಅಳುತ್ತಿದ್ದ ನಮ್ಮ ಮನೆಯ ಹುಡುಗಿಯನ್ನು ಬಿಡಿಸಿ ಎತ್ತಿಕೊಳ್ಳುತ್ತಿದ್ದವರು ನಾವು. ಹಾಗಾಗಿ ಆ ಸಂಕಟ ನಮಗೆ ಗೊತ್ತು.

ಇನ್ನೂ ಹತ್ತಿರದ್ದನ್ನು ಹೇಳುವುದಾದರೆ ನಮ್ಮ ಜಿಲ್ಲೆಯ ಸೋಲದೇವನಹಳ್ಳಿಯಿದೆ. ನಟಿ ಲೀಲಾವತಿಯವರು ಮಗ ವಿನೋದ್ ರಾಜ್ ಅವರೊಂದಿಗೆ ಅಲ್ಲಿ ತೋಟ ಮಾಡಿಕೊಂಡು ಬದುಕಿದರು, ಊರಿನವರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟರು. 2023ರ ಡಿಸೆಂಬರ್ 8ರಂದು ಅವರು ತೀರಿಕೊಂಡಾಗ ನಮ್ಮ ಬೀದಿಯ ಹೆಂಗಸರೆಲ್ಲ ಟೀವಿ ಮುಂದೆ ಕೂತು ಅತ್ತದ್ದು ನಟಿಗಾಗಿ ಮಾತ್ರವಲ್ಲ. ತಾಯಿಯನ್ನು ಕಳೆದುಕೊಂಡು ಒಬ್ಬಂಟಿಯಾಗಿ ನಿಂತ ಆ ಮಗನನ್ನು ಕಂಡು ಅತ್ತರು.

ತೆರೆಯ ಮೇಲಿನ ತಾಯಿಗೆ ಅಳುವ ನಾವು ಕಿಟಕಿಯ ಮುಂದೆ ನಿಂತ ತಾಯಿಯನ್ನು ಏಕೆ ನಂಬುವುದಿಲ್ಲ? ಕಾನೂನು ಅಷ್ಟಿಷ್ಟು ಮುಂದೆ ಬಂದಿದೆ. ತಾಯಿಯೂ ಮಗುವಿನ ಸಹಜ ಪೋಷಕಿಯಾಗಬಲ್ಲಳು ಎಂದು ಸುಪ್ರೀಂ ಕೋರ್ಟ್ ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲೇ ಹೇಳಿತು. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೂ ಪೋಷಕತ್ವ ಪಡೆಯಬಹುದೆಂದು 2015ರ ಜುಲೈನಲ್ಲಿ ತೀರ್ಪಿತ್ತಿತು. ತಂದೆ ತಾಯಿಯರಲ್ಲಿ ಒಬ್ಬರ ಹೆಸರಿದ್ದರೂ ಪಾಸ್‌ಪೋರ್ಟ್ ಕೊಡುವ ನಿಯಮ 2016ರ ಡಿಸೆಂಬರಿನಲ್ಲಿ ಬಂತು. ತಾಯಿ ಒಬ್ಬಳೇ ಪೋಷಕಿಯಾಗಿದ್ದರೆ ಪ್ಯಾನ್ ಕಾರ್ಡಿಗೆ ತಂದೆಯ ಹೆಸರು ಕಡ್ಡಾಯವಲ್ಲವೆಂದು 2018ರಲ್ಲಿ ಆಯಿತು. ದಿಲ್ಲಿಯಲ್ಲಿ ಬದಲಾದ ಮಾತು ನಮ್ಮೂರಿನ ಕಿಟಕಿ ತಲುಪಲು ಇನ್ನೆಷ್ಟು ಬಸ್ಸು ಬದಲಿಸಬೇಕೋ!

ಎರಡು ದಿನ ಬಿಟ್ಟು ತಂಗಿ ಅರ್ಧ ದಿನದ ಸಂಬಳ ಕಳೆದುಕೊಂಡು ದೇವನಹಳ್ಳಿಗೆ ಹೋಗಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದಳು. 'ಈ ಮಗುವಿನ ಪಾಲನೆ ಪೋಷಣೆ ನಾನೊಬ್ಬಳೇ ಮಾಡುತ್ತಿದ್ದೇನೆ' ಎಂದು ಅದರಲ್ಲಿ ಬರೆದಿತ್ತು. ಕಾಲೇಜಿನವರು ಅದನ್ನು ತೆಗೆದುಕೊಂಡರು, ಸೀಟು ಉಳಿಯಿತು. ನೋಟರಿಯವರಿಗೆ ದುಡ್ಡು ಕೊಟ್ಟು ಹೊರಗೆ ಬಂದಾಗ ಅವಳು, 'ನಾನೇ ಇವಳ ಅಮ್ಮ ಅಂತ ಹೇಳೋದಕ್ಕೆ ಇಷ್ಟು ಖರ್ಚಾಯ್ತು ನೋಡಕ್ಕ' ಎಂದು ನಕ್ಕಳು. ಅಂದು ಕಳ್ಳ ಸಹಿ ಹಾಕೆಂದು ಹೇಳಿದ್ದ ನಾವು ತಲೆ ತಗ್ಗಿಸಿದೆವು.

ಹುಡುಗಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ತಂದೆಯದೇ ಇದೆ. ಅದನ್ನು ಬದಲಿಸಲು ಅಲೆದಾಟ ಬೇಡವೆಂದು ಅವಳೇ ಹೇಳಿದಳು. ಆದರೆ ಕಾಲೇಜಿನ ಹೊಸ ನೋಟು ಪುಸ್ತಕಗಳ ಮೇಲೆ ತನ್ನ ಹೆಸರಿನ ಮುಂದೆ ತಾಯಿಯ ಹೆಸರಿನ ಮೊದಲಕ್ಷರ ಬರೆದುಕೊಂಡಿದ್ದಾಳೆ. ನಾವು ಅದನ್ನು ನೋಡಿದೆವು, ತಂಗಿಗೆ ಹೇಳಲಿಲ್ಲ. ಅವಳಾಗಿಯೇ ನೋಡಲಿ.