ಆಲ್ಬರ್ಟ್ ಹಾಲಿನಲ್ಲಿ ಮೈಸೂರು ದೊರೆಯ ದುಡ್ಡು

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕುರ್ಚಿಗೂ ಮಾಲೀಕರಿದ್ದಾರೆ. 1871ರಲ್ಲಿ ಬಾಗಿಲು ತೆರೆದ ಈ ಕೆಂಪು ಇಟ್ಟಿಗೆಯ ದುಂಡು ಕಟ್ಟಡಕ್ಕೆ ಹಣ ಸಾಲದೆ, ನೂರು ಪೌಂಡಿಗೆ ಒಂದರಂತೆ ಸೀಟುಗಳನ್ನು 999 ವರ್ಷಗಳ ಅವಧಿಗೆ ಮಾರಿದರಂತೆ. ಒಳಗೆ ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಅದರಲ್ಲಿ 1,200ಕ್ಕೂ ಹೆಚ್ಚು ಸೀಟುಗಳು ಇವತ್ತಿಗೂ ಖಾಸಗಿ ಸ್ವತ್ತು. ನಮ್ಮಲ್ಲಿ ಗದ್ದೆಗೆ ಪಹಣಿ ಇರುವ ಹಾಗೆ ಅಲ್ಲಿ ಕುರ್ಚಿಗೆ. ಕೆಲವರು ತಮ್ಮ ಸೀಟಿನ ಟಿಕೆಟ್ಟನ್ನು ದುಬಾರಿ ಬೆಲೆಗೆ ಮಾರಿಕೊಳ್ಳುತ್ತಾರೆಂಬ ತಕರಾರು ಪಾರ್ಲಿಮೆಂಟಿನವರೆಗೂ ಹೋಗಿದೆ. ದಾನ ಕೊಟ್ಟವನಿಗೆ ಹಕ್ಕನ್ನೂ ಬರೆದುಕೊಟ್ಟರೆ ಆಗುವುದು ಹೀಗೇ.

ನಮ್ಮಂಥವರಿಗೆ ಬೇರೆ ದಾರಿ ಇದೆ. ಬೇಸಿಗೆಯಲ್ಲಿ ನಡೆಯುವ ಪ್ರಾಮ್ಸ್ ಸಂಗೀತೋತ್ಸವದಲ್ಲಿ ವೇದಿಕೆಯ ಮುಂದಿನ ಜಾಗಕ್ಕೆ ಕುರ್ಚಿಯೇ ಇಲ್ಲ. ನಾನು ಹೋದಾಗ ಎಂಟು ಪೌಂಡು ಕೊಟ್ಟು ನಿಂತು ಕೇಳಬಹುದಿತ್ತು. "ನಿಂತ್ಕಂಡೇ ಕೇಳ್ಬೇಕು ಕಣ್ ಮಾವ, ಕಾಲು ನೋಯ್ತದೆ," ಎಂದು ಅಕ್ಕನ ಮಗ ಮೊದಲೇ ಎಚ್ಚರಿಸಿದ್ದ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋದ ಕಾಲು ಇದು ಎಂದೆ. ತಲೆ ಎತ್ತಿದರೆ ಗುಮ್ಮಟದಿಂದ ದೊಡ್ಡ ದೊಡ್ಡ ಅಣಬೆಗಳಂಥವು ತೂಗುತ್ತಿದ್ದವು. ಅಲಂಕಾರಕ್ಕಲ್ಲ. ಗುಮ್ಮಟಕ್ಕೆ ಬಡಿದ ನಾದ ಮರುದನಿಯಾಗಿ ಬೀಳುತ್ತಿದ್ದುದನ್ನು ತಡೆಯಲು 1969ರಲ್ಲಿ ಕಟ್ಟಿದ್ದು. ಎದುರಿಗೆ ಗೋಡೆಯೆತ್ತರದ ಆರ್ಗನ್, 9,999 ಕೊಳವೆಗಳದು.

ಓಬೋ ನುಡಿಸುವಾಕೆ ಒಂದು ಸ್ವರ ಹಿಡಿದರು. ಪಿಟೀಲುಗಳು, ಚೆಲ್ಲೋಗಳು, ಕಹಳೆಗಳು ಒಂದೊಂದಾಗಿ ಆ ಸ್ವರಕ್ಕೆ ಬಂದು ಸೇರಿಕೊಂಡವು. ಆಮೇಲೆ ಎಲ್ಲರೂ ತಟ್ಟನೆ ನಿಲ್ಲಿಸಿದಾಗ ಅಷ್ಟು ದೊಡ್ಡ ಸಭೆಯಲ್ಲಿ ಒಂದು ಕೆಮ್ಮು ಕೇಳಿಸಿತು, ಅಷ್ಟೇ. ನುಡಿಸುವವರು ಎಂಬತ್ತು ಜನಕ್ಕೆ ಕಡಿಮೆಯಿಲ್ಲ. ಇಷ್ಟು ಜನರ ಸಂಬಳ, ಅಭ್ಯಾಸದ ದಿನಗಳ ಖರ್ಚು, ವಾದ್ಯಗಳ ಸಾಗಣೆ, ಎಲ್ಲ ಎಂಟು ಪೌಂಡಿನ ಟಿಕೆಟ್ಟಿನಿಂದ ಏಳುತ್ತದೆಯೆ? ಪ್ರಾಮ್ಸ್ ನಡೆಸುವುದು ಬಿಬಿಸಿ; ಆ ದುಡ್ಡು ಮನೆಮನೆಯ ಟಿವಿ ಲೈಸೆನ್ಸಿನಿಂದ ಬರುತ್ತದೆ. ಉಳಿದ ದಿನಗಳಲ್ಲಿ ಆರ್ಕೆಸ್ಟ್ರಾ ತನ್ನ ಪಾಡು ತಾನೇ ನೋಡಿಕೊಳ್ಳಬೇಕು.

ನಾನು ಈ ಕಟ್ಟಡ ನೋಡಬೇಕೆಂದುಕೊಂಡದ್ದು ಮೈಸೂರಿನ ಒಂದು ಕಥೆಗಾಗಿ. 1950ರ ಮೇ 22ರಂದು ಇದೇ ವೇದಿಕೆಯ ಮೇಲೆ ಜರ್ಮನಿಯ ರಿಚರ್ಡ್ ಸ್ಟ್ರಾಸ್ ರಚಿಸಿದ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದವು. ರಚಿಸಿದಾತ ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದರು. ಹಾಡಿದ್ದು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಕಚೇರಿಗೆ 4,800 ಡಾಲರ್ ಖಾತರಿ ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಅವರು ಅಲ್ಲಿ ಹೋಗಿ ಕೂರಲಿಲ್ಲ. ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿ ಎಂದಷ್ಟೇ ಕೇಳಿದ್ದರು.

ಫಿಲ್‌ಹಾರ್ಮೋನಿಯಾವನ್ನು ವಾಲ್ಟರ್ ಲೆಗ್ ಎಂಬ ರೆಕಾರ್ಡ್ ಕಂಪನಿಯ ನಿರ್ಮಾಪಕರು ಕಟ್ಟಿದ್ದು 1945ರಲ್ಲಿ. ಮೊದಲ ಕಚೇರಿ ನಡೆಸಿಕೊಟ್ಟ ಥಾಮಸ್ ಬೀಚಮ್ ಸಂಭಾವನೆಯಾಗಿ ಪಡೆದದ್ದು ಒಂದು ಸಿಗಾರು. ಅಂಥ ಬರಿಗೈ ಸಂಸ್ಥೆಗೆ ಮೈಸೂರಿನಿಂದ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಬಂತು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಮಹಾರಾಜರೇ. 1949ರಲ್ಲಿ ಲೆಗ್ ಮೈಸೂರಿಗೇ ಬಂದಿದ್ದರು. ದೊರೆಯ ಬಳಿ ಇಪ್ಪತ್ತು ಸಾವಿರದಷ್ಟು ರೆಕಾರ್ಡುಗಳಿದ್ದವೆನ್ನುತ್ತಾರೆ. ಆತ ಬರಿಯ ಶ್ರೋತೃವೂ ಅಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪರೀಕ್ಷೆ ಪಾಸು ಮಾಡಿದ ಪಿಯಾನೋ ವಾದಕ, ಇತ್ತ ಕರ್ನಾಟಕ ಸಂಗೀತದಲ್ಲಿ ತೊಂಬತ್ನಾಲ್ಕು ಕೃತಿಗಳ ವಾಗ್ಗೇಯಕಾರ.

ದುಡ್ಡಿಗೆ ಬದಲಾಗಿ ಕೇಳಿದ್ದೇನು ಎಂಬುದೇ ನನಗೆ ದೊಡ್ಡದಾಗಿ ಕಾಣುವುದು. ಅಂಗಡಿಯಲ್ಲಿ ಓಡದ ಸಂಗೀತವನ್ನು ಮುದ್ರಿಸಿ ಎಂದರು. ಬಲಾಕಿರೆವ್, ರೂಸೆಲ್, ಬಾರ್ಟೋಕ್ ಹಾಗೆ ತಟ್ಟೆಗೆ ಬಂದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಮುದುಕ ಲಂಡನ್ನಿನಲ್ಲಿ ಹೃದ್ರೋಗದಿಂದ ನರಳುತ್ತ, ಕೇಳುವವರಿಲ್ಲದೆ ಕೂತಿದ್ದಾಗ ಆತನ ರಚನೆಗಳನ್ನು ಆತನ ಕೈಯಲ್ಲೇ ನುಡಿಸಿ 1947ರಿಂದಾಚೆಗೆ ಎಚ್‌ಎಂವಿ ಮೂಲಕ ಹೊರತಂದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಆತ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅರ್ಪಿಸಿರುವುದು ಮೈಸೂರು ಮಹಾರಾಜರಿಗೆ.

ಇದು ಪ್ರಜೆಗಳ ದುಡ್ಡಲ್ಲವೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೈಸೂರಿನ ಹಳ್ಳಿಯೊಂದರಲ್ಲಿ ಸೊಸೈಟಿ ಅಕ್ಕಿಗೆ ಸಾಲು ನಿಂತಿದ್ದ ಕಾಲದಲ್ಲಿ ಲಂಡನ್ನಿಗೆ ಹತ್ತು ಸಾವಿರ ಪೌಂಡ್! ಆದರೆ ಕೊಳ್ಳೇಗಾಲದವರು ಈ ಲೆಕ್ಕ ಕೇಳುವಂತಿಲ್ಲ. 1956ರ ನವೆಂಬರ್ 1ರವರೆಗೆ ನಾವು ಮದರಾಸಿನ ಕೊಯಮತ್ತೂರು ಜಿಲ್ಲೆಯವರು. ಪಕ್ಕದ ಯಳಂದೂರು ಮಾತ್ರ ಮೈಸೂರಿನದು, ದಿವಾನ್ ಪೂರ್ಣಯ್ಯನವರ ಜಹಗೀರು. ಇದನ್ನು ಹೇಳಿದಾಗ ಅಕ್ಕನ ಮಗ ನಕ್ಕ. ಅವನಪ್ಪ ಯಳಂದೂರಿನವರು. "ಹಂಗಾರೆ ನಮ್ದೊಂದಿಷ್ಟು ಸೇರಿರ್ಬೋದು ಬುಡಿ ಮಾವ."

ಸಂಸ್ಥಾನ ಹೋಗಿ ರಾಜಧನ ಬಂದಾಗ ಲಂಡನ್ನಿನ ಆ ನೆರವೂ ನಿಂತಿತು. 1964ರಲ್ಲಿ ಲೆಗ್ ಆರ್ಕೆಸ್ಟ್ರಾವನ್ನೇ ಮುಚ್ಚಲು ಹೊರಟರು. ವಾದಕರು ಒಪ್ಪಲಿಲ್ಲ; ತಾವೇ ಆಡಳಿತ ಕೈಗೆತ್ತಿಕೊಂಡು ನಡೆಸಿದರು. ಈಗಲೂ ಅದು ವಾದಕರದ್ದೇ ಸಂಸ್ಥೆ.

ಸೆಪ್ಟೆಂಬರ್ ಕೊನೆಗೆ ಥೇಮ್ಸ್ ದಂಡೆಯ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಅದೇ ಆರ್ಕೆಸ್ಟ್ರಾವನ್ನು ಕೇಳಿದೆ, ಈ ಸಲ ಕೂತು. ಕೈಗೆ ಸಿಕ್ಕ ಕಾರ್ಯಕ್ರಮ ಪುಸ್ತಿಕೆಯನ್ನು ವಿರಾಮದಲ್ಲಿ ಬಿಡಿಸಿದರೆ ವಾದಕರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ದಾನಿಗಳ ಹೆಸರು: ಈ ಪಿಟೀಲಿನ ಸ್ಥಾನಕ್ಕೆ ಇಂಥವರ ದತ್ತಿ, ಆ ಕೊಳಲಿನ ಸ್ಥಾನ ಇಂಥವರ ನೆನಪಿಗೆ. ಹಿಂದಿನ ಪುಟಗಳಲ್ಲಿ ಕಂಪನಿಗಳು, ಟ್ರಸ್ಟುಗಳು, ಉಯಿಲಿನಲ್ಲಿ ಬರೆದಿಟ್ಟು ಹೋದವರು. ಆರ್ಟ್ಸ್ ಕೌನ್ಸಿಲಿನ ಸರ್ಕಾರಿ ಹಣ ಬೇರೆ. ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಸರ್ಕಾರ ಇಪ್ಪತ್ತೈದು ಪೆನ್ಸ್ ಸೇರಿಸುವ ಪದ್ಧತಿಯೂ ಅಲ್ಲಿದೆ. ಕಂಪನಿ ದುಡ್ಡೆಂದರೆ ಎಲ್ಲರೂ ಕೈಚಾಚುತ್ತಾರೆಂದೇನಿಲ್ಲ. ತೈಲ ಕಂಪನಿಯ ಹಣ ಬೇಡವೆಂದು ಜನ ವರ್ಷಗಟ್ಟಲೆ ಗದ್ದಲ ಮಾಡಿದ ಮೇಲೆ ಟೇಟ್ ಕಲಾ ಗ್ಯಾಲರಿಗೆ ಬಿಪಿ ಕೊಡುತ್ತಿದ್ದ ಪ್ರಾಯೋಜನೆ 2017ರಲ್ಲಿ ಮುಗಿಯಿತು. ನಮ್ಮ ಗಣಪತಿ ಪೆಂಡಾಲಿನಲ್ಲಿ ಹಾಡುವವರಿಗಿಂತ ದೊಡ್ಡದಾಗಿ ಫ್ಲೆಕ್ಸ್ ಮೇಲೆ ನಗುವ ದಾನಿಗಳನ್ನು ನೆನೆದೆ.

ಮತ್ತೆ ನೆನಪಾದವರು ನಮ್ಮ ಕಂಸಾಳೆಯವರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡಬಲ್ಲ ದೇವರಗುಡ್ಡರು ಇಂದಿಗೂ ಭಿಕ್ಷೆ ಮತ್ತು ಭಕ್ತರ ಕಾಣಿಕೆಯ ಮೇಲೆ ನಿಂತಿದ್ದಾರೆ. ಮಂಟೇಸ್ವಾಮಿಯ ನೀಲಗಾರರೂ ಹಾಗೆಯೇ. ಸಂಸ್ಕೃತಿ ಇಲಾಖೆ ಆಗೀಗ ಹತ್ತು ನಿಮಿಷದ ವೇದಿಕೆ ಕೊಡುತ್ತದೆ. ರಾತ್ರಿಯಿಡೀ ಹಾಡುವ ಕಥೆ ಹತ್ತು ನಿಮಿಷದಲ್ಲಿ ಕುಣಿತವಾಗಿ ಮುಗಿಯುತ್ತದೆ.

2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಸಾಂಪ್ರದಾಯಿಕ ಕಲೆಗಳು ಆ ಪಟ್ಟಿಯಲ್ಲಿವೆ. ಕಂಪನಿಗಳವರಲ್ಲೂ ನಮ್ಮ ಊರಿನ ರೇಷ್ಮೆ ವ್ಯಾಪಾರಿಗಳಲ್ಲೂ ನನ್ನ ಕೋರಿಕೆ ಇಷ್ಟು: ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಒಂದೊಂದು ಮೇಳವನ್ನು ಆರಿಸಿಕೊಳ್ಳಿ. ಒಂದು ದಿನದ ಶಾಲು ಹಾರ ಬೇಡ. ಮೂರು ವರ್ಷ ಸತತವಾಗಿ ಸಂಬಳ ಕೊಡಿ, ಇಡೀ ಕಥೆಯನ್ನು ಒಂದು ಸಾಲೂ ಬಿಡದಂತೆ ಧ್ವನಿಮುದ್ರಿಸಿ. ಹೆಸರು ಬೇಕಿದ್ದರೆ ಪುಸ್ತಿಕೆಯ ಹಿಂದಿನ ಪುಟದಲ್ಲಿ ಹಾಕಿಸೋಣ, ಸಣ್ಣ ಅಕ್ಷರದಲ್ಲಿ.